ದಿನನಿತ್ಯದ ಒತ್ತಡ ಮತ್ತು ಆತಂಕ: ವ್ಯಾಪಾರಿ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಸಂಕ್ರಾಂತಿಯ ಆಸುಪಾಸಿನಲ್ಲಿ ಕಲಬುರಗಿಯ ನೆಹರು ಗಂಜಿಗೆ ಹೊಸ ತೊಗರಿ ಬರತೊಡಗುತ್ತದೆ. ಅಡತಿ ಅಂಗಡಿ, ದಾಲ್‌ಮಿಲ್, ಲಾರಿ, ಹಮಾಲರ ಕೂಲಿ ಎಲ್ಲವೂ ಆ ಎರಡು ಮೂರು ತಿಂಗಳ ಮೇಲೆ ನಿಂತಿವೆ. 2024ರ ಮಧ್ಯದಲ್ಲಿ ಕ್ವಿಂಟಲಿಗೆ 10,000 ರೂಪಾಯಿ ದಾಟಿದ್ದ ತೊಗರಿ, 2025ರ ಆರಂಭದಲ್ಲಿ ಬೆಂಬಲ ಬೆಲೆಯಾದ 7,550 ರೂಪಾಯಿಯ ಆಸುಪಾಸಿಗೆ ಇಳಿಯಿತು. ಹೆಚ್ಚಿನ ದರದಲ್ಲಿ ಮಾಲು ಹಿಡಿದವರ ಲೆಕ್ಕ ವಹಿಯಲ್ಲಿ ಮಾತ್ರ ತಪ್ಪಲಿಲ್ಲ, ಮನೆಯ ನಿದ್ದೆಯೂ ತಪ್ಪಿತು. ರಾತ್ರಿ 2 ಗಂಟೆಗೆ ಎಚ್ಚರವಾಗಿ ಮೊಬೈಲಿನಲ್ಲಿ ದರ ನೋಡುವುದು, ಮಕ್ಕಳ ಮೇಲೆ ರೇಗುವುದು, ಊಟದ ತಟ್ಟೆಯ ಮುಂದೆ ಸುಮ್ಮನೆ ಕೂರುವುದು ಎಷ್ಟೋ ಮನೆಗಳಲ್ಲಿ ಕಂಡ ದೃಶ್ಯ.

ಕೇಳಿದರೆ ಬರುವ ಉತ್ತರ ಒಂದೇ: "ಏನಿಲ್ಲ, ಸ್ವಲ್ಪ ಟೆನ್ಶನ್ ಅಷ್ಟೇ." ಆ "ಸ್ವಲ್ಪ" ಎಲ್ಲಿಯವರೆಗೆ ಸ್ವಲ್ಪ, ಎಲ್ಲಿಂದ ಅದು ಕಾಯಿಲೆ, ಮನೆಯಲ್ಲಿ ಏನು ಮಾಡಬಹುದು, ಯಾವಾಗ ವೈದ್ಯರ ಬಳಿ ಹೋಗಬೇಕು ಎಂಬುದನ್ನು ಪ್ರತಿ ಕುಟುಂಬವೂ ಮೊದಲೇ ತಿಳಿದಿರುವುದು ಒಳ್ಳೆಯದು. ಕಷ್ಟ ಬಂದ ಮೇಲೆ ಹುಡುಕಲು ಹೊರಟರೆ ತಡವಾಗುತ್ತದೆ.

ಒತ್ತಡ ಬೇರೆ, ಆತಂಕ ಬೇರೆ

ಎದುರಿಗಿರುವ ಕೆಲಸ ಅಥವಾ ಕಷ್ಟದ ಭಾರವೇ ಒತ್ತಡ. ತಿಂಗಳ 11 ಮತ್ತು 20ನೇ ತಾರೀಖು ಜಿಎಸ್‌ಟಿ ಲೆಕ್ಕ ಸಲ್ಲಿಸಬೇಕು, ಬ್ಯಾಂಕಿನ ಕಂತು ಕಟ್ಟಬೇಕು, ಮಗಳ ಮದುವೆ ಹತ್ತಿರವಿದೆ ಎಂದಾಗ ಆಗುವುದು ಒತ್ತಡ. ಕೆಲಸ ಮುಗಿದರೆ ಅದು ಇಳಿಯುತ್ತದೆ. ಅಲ್ಪ ಪ್ರಮಾಣದ ಒತ್ತಡ ಮನುಷ್ಯನನ್ನು ಚುರುಕಾಗಿ ಇಡುತ್ತದೆ.

ಇನ್ನೂ ಆಗದ ಸಂಗತಿಯ ಬಗ್ಗೆ ಬಿಡದೆ ಕಾಡುವ ಭಯ ಆತಂಕ. ಕಂತು ಕಟ್ಟಿ ಬಂದ ಮೇಲೂ "ಮುಂದಿನ ತಿಂಗಳು ಹೇಗೆ?" ಎಂದು ಎದೆ ಹೊಡೆದುಕೊಳ್ಳುವುದು, ಮಗ ಹತ್ತು ನಿಮಿಷ ಫೋನ್ ಎತ್ತದಿದ್ದರೆ ಅಪಘಾತವೇ ಆಗಿದೆ ಎನ್ನಿಸುವುದು ಇದರ ಲಕ್ಷಣ. ಒತ್ತಡಕ್ಕೆ ಒಂದು ತಾರೀಖು ಇರುತ್ತದೆ, ಆತಂಕಕ್ಕೆ ಇರುವುದಿಲ್ಲ.

ಎರಡರಲ್ಲೂ ದೇಹ ಮಾಡುವ ಕೆಲಸ ಒಂದೇ. ಅಪಾಯವಿದೆ ಎಂದು ಮೆದುಳು ತಿಳಿದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಸೇರುತ್ತವೆ. ಎದೆಬಡಿತ ಏರುತ್ತದೆ, ಉಸಿರು ಚಿಕ್ಕದಾಗುತ್ತದೆ, ಅಂಗೈ ಬೆವರುತ್ತದೆ, ಕುತ್ತಿಗೆ ಮತ್ತು ಭುಜ ಬಿಗಿಯುತ್ತವೆ, ಹೊಟ್ಟೆ ಕೆಡುತ್ತದೆ. ಎದುರಿಗೆ ಹಾವು ಬಂದಾಗ ಓಡಿ ಪಾರಾಗಲು ಇರುವ ಏರ್ಪಾಡು ಇದು. ಹಾವು ಹೋದ ಮೇಲೆ ದೇಹ ತಣ್ಣಗಾಗುತ್ತದೆ. ಆದರೆ ಬಾಕಿ ವಸೂಲಿಯ ಚಿಂತೆ ಹಾವಿನಂತೆ ಹೋಗಿಬಿಡುವುದಿಲ್ಲ. ದೇಹ ತಿಂಗಳುಗಟ್ಟಲೆ ಅದೇ ಸ್ಥಿತಿಯಲ್ಲಿ ನಿಂತರೆ ನಿದ್ದೆ ಕೆಡುತ್ತದೆ, ರಕ್ತದೊತ್ತಡ ಮತ್ತು ಸಕ್ಕರೆ ಹಿಡಿತ ತಪ್ಪಬಹುದು, ತಲೆನೋವು ಮತ್ತು ಹೊಟ್ಟೆಯುರಿ ಖಾಯಂ ಆಗಬಹುದು. ಇಂಥವರು ಅನೇಕರು ಹೊಟ್ಟೆಯ ವೈದ್ಯರನ್ನು, ಹೃದಯದ ವೈದ್ಯರನ್ನು ಸುತ್ತಿ, ಎಲ್ಲ ತಪಾಸಣೆಯೂ ಸರಿ ಬಂದ ಮೇಲೆ ಕಾರಣ ಮನಸ್ಸಿನಲ್ಲಿದೆ ಎಂದು ತಿಳಿಯುತ್ತಾರೆ.

ಈ ಭಾಗದ ಚಿಂತೆಗಳು

ಕಲಬುರಗಿ ತೊಗರಿಯ ಊರು. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಹೆಸರು ಬಂದರೂ ಬೆಳೆ ಮಳೆಯನ್ನೇ ನಂಬಿದೆ. 2022ರ ಕೊನೆಯಲ್ಲಿ ನೆಟೆ ರೋಗ ತಗಲಿ ಜಿಲ್ಲೆಯ ಹೊಲಗಳಲ್ಲಿ ತೊಗರಿ ನಿಂತಲ್ಲೇ ಒಣಗಿತು. ರೈತನ ಕಣಕ್ಕೆ ಕಾಳು ಬರದಿದ್ದರೆ ಅಡತಿಯವನ ಉದ್ರಿ ಬರುವುದಿಲ್ಲ, ಮಿಲ್ಲಿಗೆ ಮಾಲು ಬರುವುದಿಲ್ಲ, ಹಮಾಲನಿಗೆ ಕೂಲಿ ಇಲ್ಲ. ಮರುವರ್ಷ, 2023ರ ಜೂನ್ 2ರಂದು ಕೇಂದ್ರ ಸರ್ಕಾರ ತೊಗರಿ ದಾಸ್ತಾನಿಗೆ ಮಿತಿ ಹೇರಿತು. ಮಾಲು ಇಟ್ಟವರಿಗೆ ಅದೂ ಒಂದು ಚಿಂತೆಯಾಯಿತು. ಇಂಥ ಸಂಗತಿಗಳಲ್ಲಿ ಯಾವುದೂ ವ್ಯಾಪಾರಿಯ ಕೈಯಲ್ಲಿಲ್ಲ. ಆದರೂ ನಷ್ಟವಾದಾಗ ಅವನು ತನ್ನ ಬುದ್ಧಿಯನ್ನೇ ಬೈದುಕೊಳ್ಳುತ್ತಾನೆ.

ಬೀದರ್ ಕಡೆಯ ರಸ್ತೆಯಲ್ಲಿ, ಕಲಬುರಗಿಯಿಂದ ಸುಮಾರು ಒಂದು ತಾಸಿನ ಬಸ್ ದಾರಿಯಲ್ಲಿರುವ ಕಮಲಾಪುರದ ಚಿಂತೆ ಇನ್ನೊಂದು ಬಗೆಯದು. ಅಲ್ಲಿಯ ಕೆಂಪು ಬಾಳೆಗೂ ಭೌಗೋಳಿಕ ಗುರುತಿದೆ. ಅದು ಬೇರೆ ಬಾಳೆಗಿಂತ ತಡವಾಗಿ ಗೊನೆ ಬಿಡುವ ಬೆಳೆ. ಹಾಕಿದ ಹಣ ಅಷ್ಟು ದಿನ ಮಣ್ಣಿನಲ್ಲೇ ಇರುತ್ತದೆ, ಒಂದು ಬಿರುಗಾಳಿ ಬೀಸಿದರೆ ಗಿಡ ನೆಲಕ್ಕೆ. ಚಿಕ್ಕ ಊರಾದ್ದರಿಂದ ಅಂಗಡಿಯ ಏರಿಳಿತ ಎಲ್ಲರಿಗೂ ಗೊತ್ತು. ಯಾರು ಯಾವ ದವಾಖಾನೆಯ ಮೆಟ್ಟಿಲು ಹತ್ತಿದರು ಎಂಬುದೂ ಸಂಜೆಯೊಳಗೆ ಗೊತ್ತು.

ಮಕ್ಕಳಿಗೆ ಪರೀಕ್ಷೆಯ ಭಾರ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ಜಿಲ್ಲೆಯ ಹೆಸರಿನ ಭಾರವನ್ನೂ ಮಕ್ಕಳ ತಲೆಗೆ ಕಟ್ಟುವ ಮನೆಗಳಿವೆ. 2024ರಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಯಲ್ಲಿ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶವಿದೆ ಎಂಬುದನ್ನು ಫಲಿತಾಂಶದ ದಿನಕ್ಕೆ ಮುಂಚೆಯೇ ಮಕ್ಕಳಿಗೆ ಹೇಳಿಟ್ಟಿರಬೇಕು.

ಹೆಣ್ಣುಮಕ್ಕಳ ಚಿಂತೆ ಲೆಕ್ಕಕ್ಕೇ ಬರುವುದಿಲ್ಲ. ಕೂಡು ಕುಟುಂಬದ ಅಡುಗೆ, ಸೂರ್ಯಾಸ್ತದೊಳಗೆ ಎಲ್ಲರ ಊಟ ಮುಗಿಸುವ ಗಡಿಬಿಡಿ, ಹಿರಿಯರ ಔಷಧಿ, ಮಕ್ಕಳ ಟ್ಯೂಶನ್ ಎಲ್ಲವೂ ಒಬ್ಬಳ ತಲೆಯ ಮೇಲೆ. ಹೆರಿಗೆಯಾದ ಮೊದಲ ತಿಂಗಳುಗಳಲ್ಲಿ ಕಾರಣವಿಲ್ಲದ ಅಳು, ಮಗುವಿನ ಮೇಲೂ ಮನಸ್ಸಿಲ್ಲದಿರುವುದು ಕಂಡರೆ ಅದು ಸೊಸೆಯ ಹಟವಲ್ಲ. ಚಿಕಿತ್ಸೆಯಿಂದ ಗುಣವಾಗುವ ಬಾಣಂತಿ ಖಿನ್ನತೆ ಇರಬಹುದು. ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದ್ ಸೇರಿದ ಮನೆಗಳಲ್ಲಿ ಹಿರಿಯರಿಬ್ಬರೇ ಉಳಿದಿರುತ್ತಾರೆ. ಅವರ ಆತಂಕ "ವಯಸ್ಸಾಯಿತು" ಎಂಬ ಮಾತಿನಲ್ಲಿ ಮುಚ್ಚಿಹೋಗುತ್ತದೆ.

ಇದರ ಮೇಲೆ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯವನ್ನೇ ಬೆಳಗಿಗೆ ಬದಲಿಸುವಷ್ಟು ಸೆಖೆ. ರಾತ್ರಿ ಗೋಡೆ ಆರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ನಿದ್ದೆಗೆಟ್ಟವನಿಗೆ ಸಣ್ಣ ಮಾತೂ ದೊಡ್ಡದಾಗಿ ಕೇಳುತ್ತದೆ.

ಇಡೀ ಊರೇ ಆತಂಕಪಟ್ಟ ದಿನಗಳೂ ನೆನಪಿನಲ್ಲಿವೆ. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯ ಹಿರಿಯರೊಬ್ಬರದು ಎಂದು 2020ರ ಮಾರ್ಚ್ 12ರಂದು ಖಚಿತವಾಯಿತು. ಮರುದಿನದಿಂದ ಕೆಮ್ಮು ಬಂದರೂ ಹೇಳಲು ಜನ ಹೆದರಿದರು. ಭಯವನ್ನು ಬಚ್ಚಿಟ್ಟಷ್ಟೂ ಅದು ಬೆಳೆಯುತ್ತದೆ ಎಂಬುದು ಆಗ ಎಲ್ಲರೂ ಕಂಡ ಪಾಠ.

ಮುಚ್ಚಿಡುವುದೇ ದೊಡ್ಡ ಕಷ್ಟ

ವ್ಯಾಪಾರ ಪತ್ತಿನ ಮೇಲೆ ನಡೆಯುತ್ತದೆ. "ಅವರಿಗೆ ತೊಂದರೆ ಇದೆಯಂತೆ" ಎಂಬ ಮಾತು ಗಂಜಿನಲ್ಲಿ ಹರಡಿದರೆ ನಾಳೆ ಯಾರೂ ಉದ್ರಿ ಕೊಡುವುದಿಲ್ಲ. ಆದ್ದರಿಂದ ನಷ್ಟವಾದವನು ನಗುಮುಖ ಹೊತ್ತು ಗಲ್ಲಾದ ಮೇಲೆ ಕೂರುತ್ತಾನೆ. ಪೇಟೆಯಿಂದ ಮುಚ್ಚಿಡುವುದಕ್ಕೆ ಒಂದು ಕಾರಣವಿದೆ. ಆದರೆ ಅದೇ ರೂಢಿ ಮನೆಯೊಳಗೂ ಬರುತ್ತದೆ. ಹೆಂಡತಿಗೆ ಗೊತ್ತಿಲ್ಲ, ತಮ್ಮನಿಗೆ ಗೊತ್ತಿಲ್ಲ, ದೊಡ್ಡವನಾದ ಮಗನಿಗೆ ಗೊತ್ತಿಲ್ಲ. ಎಲ್ಲರಿಗೂ ಏನೋ ಆಗಿದೆ ಎಂದು ಮಾತ್ರ ಗೊತ್ತು. ಏನೆಂದು ತಿಳಿಯದ ಮನೆಮಂದಿ ಇದ್ದದ್ದಕ್ಕಿಂತ ಹೆಚ್ಚಿನದನ್ನೇ ಊಹಿಸಿಕೊಳ್ಳುತ್ತಾರೆ.

ಇನ್ನೊಂದು ಭಯ ಮದುವೆಯದು. "ಮನೋವೈದ್ಯರ ಹತ್ತಿರ ಹೋದರೆಂದು ತಿಳಿದರೆ ಸಂಬಂಧ ಕೂಡಿಬರುವುದಿಲ್ಲ" ಎಂದು ಚಿಕಿತ್ಸೆಯನ್ನು ಮುಂದೂಡುತ್ತಾರೆ. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆಗ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಬಹುಪಾಲು ಜನ ಯಾವ ಚಿಕಿತ್ಸೆಯನ್ನೂ ಪಡೆಯುತ್ತಿರಲಿಲ್ಲ. ಹತ್ತು ಜನರಲ್ಲಿ ಒಬ್ಬರಿಗೆ ಬರುವ ತೊಂದರೆ ಯಾವುದೇ ಒಂದು ಮನೆತನದ ಕಳಂಕವಾಗಲಾರದು.

ಆರ್ತಧ್ಯಾನದ ನಾಲ್ಕು ಬಗೆ

ಚಿಂತೆಯನ್ನು ಗುರುತಿಸುವ ಒಂದು ಪಟ್ಟಿ ಜೈನ ಕುಟುಂಬಗಳಿಗೆ ಹೊಸದಲ್ಲ. ಉಮಾಸ್ವಾಮಿ ಆಚಾರ್ಯರ ತತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ವಿಂಗಡಿಸಲಾಗಿದೆ. ಧ್ಯಾನ ಎಂದರೆ ಒಳ್ಳೆಯದೇ ಆಗಬೇಕೆಂದಿಲ್ಲ, ಮನಸ್ಸು ಒಂದೇ ಕಡೆ ಅಂಟಿಕೊಂಡರೆ ಅದೂ ಧ್ಯಾನವೇ. ಅದು ನೋವಿಗೆ ಅಂಟಿಕೊಂಡರೆ ಆರ್ತಧ್ಯಾನ. ಅದರಲ್ಲಿ ನಾಲ್ಕು ಬಗೆ.

ಬೇಡದ್ದು ಬಂದು ಸೇರಿದಾಗ ಅದು ಯಾವಾಗ ತೊಲಗೀತು ಎಂದು ಕೊರಗುವುದು ಅನಿಷ್ಟ ಸಂಯೋಗ. ಸಾಲ, ಕೋರ್ಟಿನ ನೋಟಿಸು, ಜಗಳಗಂಟ ಪಾಲುದಾರ ಈ ಸಾಲಿನವು. ಬೇಕಾದದ್ದು ಕೈತಪ್ಪಿದಾಗ ಅದನ್ನೇ ನೆನೆಯುವುದು ಇಷ್ಟ ವಿಯೋಗ. ಅಗಲಿದ ಹಿರಿಯರು, ದೂರವಾದ ಮಕ್ಕಳು, ಕೈಬಿಟ್ಟ ಅಂಗಡಿ ಇಲ್ಲಿ ಬರುತ್ತವೆ. ದೇಹದ ನೋವನ್ನೇ ಮತ್ತೆ ಮತ್ತೆ ಚಿಂತಿಸುವುದು ಪೀಡಾಚಿಂತನ. ಮುಂದೆ ಸಿಗಬೇಕಾದ ಭೋಗ, ಲಾಭಗಳನ್ನೇ ಹಂಬಲಿಸುವುದು ನಿದಾನ.

ಇದು ವೈದ್ಯಶಾಸ್ತ್ರವಲ್ಲ, ರೋಗ ಪತ್ತೆಯ ಸಾಧನವೂ ಅಲ್ಲ. ಆದರೆ "ಟೆನ್ಶನ್" ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಕಟ್ಟಿಡುವ ಬದಲು ಇದು ಯಾವ ಬಗೆಯ ಚಿಂತೆ ಎಂದು ಬಿಡಿಸಿ ನೋಡಲು ನೆರವಾಗುತ್ತದೆ. ಆತಂಕಕ್ಕೆ ಇಂದು ನೀಡುವ ಮಾತಿನ ಚಿಕಿತ್ಸೆಯಲ್ಲೂ ಮೊದಲ ಹೆಜ್ಜೆ ಹೆಚ್ಚು ಕಡಿಮೆ ಇದೇ: ಮನಸ್ಸಿನಲ್ಲಿ ಬರುವ ಯೋಚನೆಗೆ ಹೆಸರಿಟ್ಟು, ಅದನ್ನು ಸ್ವಲ್ಪ ದೂರದಿಂದ ನೋಡುವುದು.

ಮನೆಯಲ್ಲೇ ಮಾಡಬಹುದಾದದ್ದು

ಚಿಂತೆಗೂ ಒಂದು ವಹಿ: ಒಂದು ನೋಟ್‌ಬುಕ್ಕಿನ ಪುಟವನ್ನು ಎರಡು ಭಾಗ ಮಾಡಬೇಕು. ಒಂದು ಕಡೆ ಕೈಯಲ್ಲಿರುವ ಸಂಗತಿ, ಇನ್ನೊಂದು ಕಡೆ ಕೈಯಲ್ಲಿಲ್ಲದ ಸಂಗತಿ. ಮಳೆ, ದರ, ಸರ್ಕಾರದ ಆದೇಶ ಎರಡನೆಯ ಕಡೆಗೆ. ಬ್ಯಾಂಕಿಗೆ ಹೋಗಿ ಕಂತಿನ ಅವಧಿ ಕೇಳುವುದು, ಬಾಕಿದಾರರಿಗೆ ಫೋನ್ ಮಾಡುವುದು ಮೊದಲನೆಯ ಕಡೆಗೆ. ಮೊದಲನೆಯ ಕಡೆಯಿಂದ ದಿನಕ್ಕೆ ಒಂದು ಕೆಲಸ ಮುಗಿಸಿ ಗೆರೆ ಎಳೆಯಬೇಕು. ಚಿಂತಿಸಲೂ ಸಂಜೆ 20 ನಿಮಿಷ ಗೊತ್ತು ಮಾಡಿಕೊಳ್ಳಬಹುದು. ರಾತ್ರಿ ಯೋಚನೆ ಬಂದರೆ "ನಾಳೆ ಸಂಜೆ ನೋಡೋಣ" ಎಂದು ಬರೆದಿಟ್ಟು ಮಲಗುವುದು ಕೆಲವು ದಿನಗಳಲ್ಲಿ ರೂಢಿಯಾಗುತ್ತದೆ.

ಉಸಿರು: ಮೂಗಿನಿಂದ ನಿಧಾನವಾಗಿ ಉಸಿರು ಎಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಬಿಡಬೇಕು. ನಾಲ್ಕು ಎಣಿಸಿ ಎಳೆದರೆ ಆರು ಎಣಿಸಿ ಬಿಡುವುದು. ಐದು ನಿಮಿಷ ಹೀಗೆ ಮಾಡಿದರೆ ಎದೆಬಡಿತ ಇಳಿಯುವುದು ತಿಳಿಯುತ್ತದೆ. ಕಾಯೋತ್ಸರ್ಗದಲ್ಲಿ ಒಂಬತ್ತು ಸಲ ಣಮೋಕಾರ ಮಂತ್ರವನ್ನು 27 ಉಸಿರಿನಲ್ಲಿ ಜಪಿಸುವ ಕ್ರಮವಿದೆ. ಗಡಿಬಿಡಿಯಿಲ್ಲದೆ, ದೇಹ ಸಡಿಲಬಿಟ್ಟು ಮಾಡಿದರೆ ಅದರಲ್ಲೇ ಈ ಅಭ್ಯಾಸವೂ ಸೇರಿಕೊಳ್ಳುತ್ತದೆ.

ಎರಡು ಘಳಿಗೆ: ಸಾಮಾಯಿಕದ ಅವಧಿ ಒಂದು ಮುಹೂರ್ತ, ಅಂದರೆ 48 ನಿಮಿಷ. ಆ ಹೊತ್ತು ಫೋನ್ ಇನ್ನೊಂದು ಕೋಣೆಯಲ್ಲಿರಲಿ. ದರ, ಸುದ್ದಿ, ಗ್ರೂಪಿನ ಮೆಸೇಜು ಯಾವುದೂ ಇಲ್ಲದ 48 ನಿಮಿಷ ಇಂದಿನ ವ್ಯಾಪಾರಿಗೆ ಬೇರೆಲ್ಲೂ ಸಿಗುವುದಿಲ್ಲ. ಮೊದಮೊದಲು ಮನಸ್ಸು ಗಂಜಿನಲ್ಲೇ ತಿರುಗುತ್ತದೆ. ಅದಕ್ಕೆ ಬೇಸರಪಡಬೇಕಿಲ್ಲ.

ನಿದ್ದೆ ಮತ್ತು ನಡಿಗೆ: ಮಲಗುವ, ಏಳುವ ಹೊತ್ತು ದಿನವೂ ಒಂದೇ ಇರಲಿ. ಮಧ್ಯಾಹ್ನ ಮೂರರ ನಂತರ ಚಹಾ ಬೇಡ. ಸಂಜೆ ಕುಡಿದ ಚಹಾದ ಪರಿಣಾಮ ರಾತ್ರಿಯವರೆಗೂ ಉಳಿಯುತ್ತದೆ. ಸೂರ್ಯಾಸ್ತದೊಳಗಿನ ಊಟ ಮಲಗುವ ಹೊತ್ತಿಗೆ ಹೊಟ್ಟೆ ಹಗುರಾಗಿರಲು ಅನುಕೂಲ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ತಾಸಿನಂತೆ ವಾರಕ್ಕೆ ಐದು ದಿನ ನಡೆದರೆ ಸಾಕು. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನವೇ ಇದನ್ನು ಮುಗಿಸಬೇಕು. ಗುಟ್ಕಾ, ಸಿಗರೇಟು, ಮದ್ಯ ಆ ಕ್ಷಣಕ್ಕೆ ಹಗುರ ಎನ್ನಿಸಿದರೂ ಆತಂಕವನ್ನು ಹೆಚ್ಚಿಸುತ್ತವೆ.

ಮಿತಿ ಮೊದಲೇ ಬರೆದಿಡುವುದು: ಹಂಗಾಮು ಶುರುವಾಗುವ ಮುಂಚೆ ಎಷ್ಟು ಮಾಲು ಹಿಡಿಯುವುದು, ಒಬ್ಬರಿಗೆ ಎಷ್ಟರವರೆಗೆ ಉದ್ರಿ, ಎಷ್ಟು ಸಾಲ ಎಂಬುದನ್ನು ಮನೆಯ ಇಬ್ಬರು ಮೂವರು ಕೂತು ಬರೆದಿಡಬೇಕು. ಪರಿಗ್ರಹ ಪರಿಮಾಣ ವ್ರತ ಹೇಳುವುದೂ ಇದನ್ನೇ. ದರ ಏರುವಾಗ ಆಸೆ, ಇಳಿಯುವಾಗ ಭಯ ನಿರ್ಧಾರ ಮಾಡುತ್ತವೆ. ಮೊದಲೇ ಬರೆದ ಮಿತಿ ಇದ್ದರೆ ಅವೆರಡರ ಕೈಗೆ ಅಂಗಡಿ ಸಿಗುವುದಿಲ್ಲ.

ಮಾತು: ಪೇಟೆಗೆ ಹೇಳಬೇಕಿಲ್ಲ, ಮನೆಯಲ್ಲಿ ಒಬ್ಬರಿಗಾದರೂ ಇದ್ದದ್ದು ಇದ್ದಂತೆ ಹೇಳಬೇಕು. ಆಸ್ತಿಯ ಮಾತಿಗೆ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟಿರುವ ಮನೆಗಳಲ್ಲಿ ಆ ಮೌನವೇ ಒಂದು ಭಾರ. ದಶಲಕ್ಷಣ ಪರ್ವದ ನಂತರ ಬರುವ ಕ್ಷಮಾವಾಣಿಯ ದಿನ ಎಲ್ಲರಿಗೂ ಒಂದೇ ಮೆಸೇಜು ಕಳಿಸುವ ಬದಲು ಮಾತು ಬಿಟ್ಟ ಒಬ್ಬರ ಮನೆಗೆ ಹೋಗಿಬಂದರೆ ಆ ದಿನ ಸಾರ್ಥಕ.

ಆಹಾರ, ಉಪವಾಸ ಮತ್ತು ಔಷಧಿ

ಸುಸ್ತು, ಮಂಕು, ಮರೆವು, ಕೈಕಾಲು ಜುಮ್ಮೆನ್ನುವುದು ಇವೆಲ್ಲ ಮನಸ್ಸಿನಿಂದಲೇ ಬರಬೇಕೆಂದಿಲ್ಲ. ಬಿ12 ಜೀವಸತ್ವ ಸಸ್ಯಾಹಾರದಲ್ಲಿ ಹಾಲು, ಮೊಸರಿನ ಹೊರತು ಕಡಿಮೆ. ಅದರ ಕೊರತೆ, ರಕ್ತಹೀನತೆ, ಥೈರಾಯ್ಡ್ ತೊಂದರೆ ಮೂರೂ ಆತಂಕ ಅಥವಾ ಖಿನ್ನತೆಯಂತೆ ಕಾಣಿಸಬಹುದು. ಸರಳ ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ವೈದ್ಯರನ್ನು ಕಾಣುವಾಗ ಈ ಮಾತು ಕೇಳಬೇಕು.

ರಾತ್ರಿ ನೀರನ್ನೂ ಮುಟ್ಟದ ನಿಯಮವಿರುವವರು ರಾತ್ರಿಯ ಮಾತ್ರೆಯನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ಕೆಲವರು ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಜನ್ಯ ಜೆಲಾಟಿನ್ ಎಂದು ತಿಳಿದು ಔಷಧಿಯನ್ನೇ ನಿಲ್ಲಿಸುತ್ತಾರೆ. ಎರಡೂ ಅಪಾಯ, ಎರಡಕ್ಕೂ ಸಾಮಾನ್ಯವಾಗಿ ದಾರಿ ಇದೆ. ಮೊದಲ ಭೇಟಿಯಲ್ಲೇ ನಿಯಮವನ್ನು ವೈದ್ಯರಿಗೆ ಹೇಳಿದರೆ ಅನೇಕ ಔಷಧಿಗಳ ಹೊತ್ತನ್ನು ಸೂರ್ಯಾಸ್ತದ ಮುಂಚೆಗೆ ಹೊಂದಿಸಬಹುದು, ಕ್ಯಾಪ್ಸೂಲಿನ ಬದಲು ಮಾತ್ರೆ ಅಥವಾ ಸಸ್ಯಜನ್ಯ ಹೊದಿಕೆಯದು ಬರೆದುಕೊಡಬಹುದು.

ಪರ್ಯೂಷಣದ ದೀರ್ಘ ಉಪವಾಸಕ್ಕೆ ಮುಂಚೆ ಔಷಧಿ ಸೇವಿಸುವವರು ವೈದ್ಯರನ್ನು ಕೇಳಲೇಬೇಕು. ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಂಡು ಆಹಾರ ಬಿಟ್ಟರೆ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಲಿಥಿಯಂ ಎಂಬ ಮಾನಸಿಕ ಕಾಯಿಲೆಯ ಔಷಧಿ ಸೇವಿಸುವವರು ನೀರು ಬಿಟ್ಟರೆ ರಕ್ತದಲ್ಲಿ ಅದರ ಪ್ರಮಾಣ ಏರಿ ವಿಷವಾಗಬಹುದು. ಶಕ್ತಿಗೆ ತಕ್ಕಂತೆ ತಪಸ್ಸು ಎಂಬುದೇ ಹಿರಿಯರ ಮಾತು. ಕಾಯಿಲೆಯವರು ಒಂದು ವರ್ಷ ಉಪವಾಸ ಬಿಟ್ಟು ಸ್ವಾಧ್ಯಾಯ ಮಾಡಿದರೆ ಯಾರೂ ಟೀಕಿಸಬಾರದು.

ವೈದ್ಯರ ಬಳಿ ಹೋಗಬೇಕಾದ ಗುರುತುಗಳು

ಕೆಳಗಿನ ಯಾವುದೇ ಒಂದು ಕಂಡರೂ ಇನ್ನು ಮನೆಮದ್ದು ಸಾಲದು ಎಂದು ತಿಳಿಯಬೇಕು.

• ಎರಡು ವಾರಕ್ಕಿಂತ ಹೆಚ್ಚು ಕಾಲ ಹೆಚ್ಚುಕಡಿಮೆ ದಿನವೂ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ.
• ಚಿಂತೆ ನಿಲ್ಲಿಸಬೇಕೆಂದರೂ ನಿಲ್ಲುವುದಿಲ್ಲ, ಅಂಗಡಿ ಅಥವಾ ಶಾಲೆಗೆ ಹೋಗುವುದು ತಪ್ಪುತ್ತಿದೆ.
• ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು, ಉಸಿರುಕಟ್ಟಿ, ಈಗಲೇ ಸತ್ತೆ ಎನ್ನಿಸುವ ಭಯ ಮತ್ತೆ ಮತ್ತೆ ಬರುತ್ತಿದೆ.
• ನಿದ್ದೆಗಾಗಿ ಮದ್ಯ ಅಥವಾ ಮಾತ್ರೆ ಬೇಕೇ ಬೇಕು ಎನ್ನಿಸುತ್ತಿದೆ.
• ಬದುಕು ಸಾಕು ಎಂಬ ಮಾತು ಬರುತ್ತಿದೆ.

ಇದ್ದಕ್ಕಿದ್ದಂತೆ ಬರುವ ಭಯದ ಹೊಡೆತ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ ಇಳಿಯುತ್ತದೆ. ಆದರೂ ಮೊದಲ ಸಲ ಎದೆನೋವು, ಬೆವರು ಬಂದಾಗ "ಟೆನ್ಶನ್" ಎಂದು ಮನೆಯಲ್ಲಿ ಕೂರಬಾರದು. ಮೊದಲು ಇಸಿಜಿ ಮಾಡಿಸಬೇಕು. ಹೃದಯ ಸರಿಯಿದೆ ಎಂದು ತಿಳಿದ ಮೇಲೆ ಮುಂದಿನ ಮಾತು.

ಎಲ್ಲಿಗೆ ಹೋಗಬೇಕು

ಮೊದಲ ಬಾಗಿಲು ಫೋನೇ ಆಗಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇದೆ, ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಕಮಲಾಪುರದಂಥ ಚಿಕ್ಕ ಊರಿನಲ್ಲಿ ಯಾರ ಕಣ್ಣಿಗೂ ಬೀಳದೆ ಮೊದಲ ಮಾತು ಆಡಲು ಇದು ಅನುಕೂಲ. ಮನೆಯವರೂ ಕರೆ ಮಾಡಿ "ನಮ್ಮವರಿಗೆ ಹೀಗಾಗುತ್ತಿದೆ, ಏನು ಮಾಡಲಿ?" ಎಂದು ಕೇಳಬಹುದು.

ಎರಡನೆಯದು ಊರಿನ ಸರ್ಕಾರಿ ಆಸ್ಪತ್ರೆಯ ಸಾಮಾನ್ಯ ವೈದ್ಯರು ಅಥವಾ ನಂಬಿಕೆಯ ಕುಟುಂಬ ವೈದ್ಯರು. ಸಾಮಾನ್ಯ ಆತಂಕಕ್ಕೆ ಅವರೇ ಚಿಕಿತ್ಸೆ ಆರಂಭಿಸಬಲ್ಲರು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ತಮ್ಮ ಭಾಗದಲ್ಲಿ ಯಾವ ಆಸ್ಪತ್ರೆ, ಯಾವ ಮಂಗಳವಾರ ಎಂದು ಕೇಳಿಕೊಂಡು ಹೋಗಬೇಕು.

ಕಲಬುರಗಿ ನಗರದಲ್ಲಿ ಸರ್ಕಾರಿ ಜಿಮ್ಸ್ ಆಸ್ಪತ್ರೆಯಿದೆ, ಬಸವೇಶ್ವರ ಬೋಧನಾ ಆಸ್ಪತ್ರೆಯಿದೆ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಹಳ್ಳಿ, ತಾಲೂಕಿನ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಸಿಗಬೇಕೆಂಬ ಪ್ರಯತ್ನ ದೇಶಕ್ಕೆ ಹೋದದ್ದು ಇದೇ ಕಲ್ಯಾಣ ಕರ್ನಾಟಕದಿಂದ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಗುಟ್ಟು ಹೊರಬೀಳುವ ಭಯ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ವಿಷಯವನ್ನು ಗೋಪ್ಯವಾಗಿಡುವುದನ್ನು ಹಕ್ಕಾಗಿ ಮಾಡಿದೆ. ದೇಹದ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ.

ಮಾತ್ರೆಗಳ ಬಗ್ಗೆ

"ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ" ಎಂಬ ಮಾತು ಎಲ್ಲ ಔಷಧಿಗೂ ನಿಜವಲ್ಲ. ಆತಂಕ, ಖಿನ್ನತೆಗೆ ವೈದ್ಯರು ಮೊದಲು ಬರೆಯುವ ಔಷಧಿಗಳು ಚಟ ಹಿಡಿಸುವುದಿಲ್ಲ. ಅವು ಕೆಲಸ ತೋರಿಸಲು ಎರಡರಿಂದ ಆರು ವಾರ ಬೇಕು. ಒಂದು ವಾರದಲ್ಲಿ ಗುಣ ಕಾಣಲಿಲ್ಲವೆಂದು ಬಿಡಬಾರದು, ಗುಣ ಕಂಡಿತೆಂದು ತಟ್ಟನೆ ನಿಲ್ಲಿಸಲೂಬಾರದು.

ಹೆದರಬೇಕಾದದ್ದು ನೆರೆಯವರು ಕೊಟ್ಟ "ನಿದ್ದೆ ಮಾತ್ರೆ"ಗೆ. ಅಲ್‌ಪ್ರಾಜೋಲಾಂ, ಕ್ಲೋನಾಜೆಪಾಂ ಜಾತಿಯವು ತಕ್ಷಣ ನೆಮ್ಮದಿ ಕೊಡುತ್ತವೆ, ಬೇಗ ಚಟವಾಗುತ್ತವೆ, ವಯಸ್ಸಾದವರು ಮುಗ್ಗರಿಸಿ ಬೀಳಲು ಕಾರಣವಾಗುತ್ತವೆ. ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದು. ಈಗಾಗಲೇ ಬಹುದಿನ ಸೇವಿಸುತ್ತಿರುವವರು ತಾವಾಗಿ ನಿಲ್ಲಿಸದೆ ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು. ಮಾತಿನ ಚಿಕಿತ್ಸೆಯೂ ಇದೆ. ಅನೇಕರಿಗೆ ಅದೊಂದೇ ಸಾಕಾಗುತ್ತದೆ.

ಮನೆಯವರ ಪಾಲು

"ಧೈರ್ಯ ತಂದುಕೋ", "ನಿನಗೇನು ಕಡಿಮೆಯಾಗಿದೆ?", "ಪೂಜೆ ಸರಿಯಾಗಿ ಮಾಡಿದರೆ ಹೀಗಾಗುತ್ತಿರಲಿಲ್ಲ" ಎಂಬ ಮಾತುಗಳು ನೊಂದವರ ಬಾಯಿ ಮುಚ್ಚಿಸುತ್ತವೆ. ಪೂರ್ವಕರ್ಮದ ಮಾತು ತಾನು ಸಹಿಸಿಕೊಳ್ಳಲು ಹೇಳಿಕೊಳ್ಳಬೇಕಾದದ್ದು, ಇನ್ನೊಬ್ಬರ ನೋವಿನ ಮೇಲೆ ಎಸೆಯಬೇಕಾದದ್ದಲ್ಲ. ಹತ್ತಿರ ಕೂತು "ರಾತ್ರಿ ನಿದ್ದೆ ಆಗುತ್ತಿಲ್ಲವಲ್ಲ, ಏನು ಕಾಡುತ್ತಿದೆ?" ಎಂದು ಕೇಳಿ, ಉತ್ತರ ಮುಗಿಯುವವರೆಗೆ ಉಪದೇಶ ಮಾಡದೆ ಇದ್ದರೆ ಅರ್ಧ ಕೆಲಸ ಆದಂತೆ. ಉಳಿದರ್ಧ, ಜೊತೆಗೆ ವೈದ್ಯರ ಬಳಿ ಹೋಗುವುದು.

"ನಾನಿಲ್ಲದಿದ್ದರೆ ನೀವೆಲ್ಲ ಸುಖವಾಗಿರುತ್ತೀರಿ" ಎಂಬ ಮಾತು, ಇದ್ದಕ್ಕಿದ್ದಂತೆ ಎಲ್ಲರ ಲೆಕ್ಕ ಚುಕ್ತಾ ಮಾಡುವುದು, ಪ್ರೀತಿಯ ವಸ್ತುಗಳನ್ನು ಹಂಚುವುದು, ಬಹಳ ದಿನದ ಕೊರಗಿನ ನಂತರ ತಟ್ಟನೆ ಶಾಂತರಾಗುವುದು ಕಂಡರೆ ನೇರವಾಗಿ ಕೇಳಬೇಕು: "ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ?" ಹೀಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಸಲ ಕೇಳಿದ್ದೇ ಉಳಿಸುತ್ತದೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬಾರದು. ಹೊಲದ ಕೀಟನಾಶಕ, ಗೋದಾಮಿನ ಮದ್ದು, ಮನೆಯ ಮಾತ್ರೆಗಳನ್ನು ಬೀಗದೊಳಗೆ ಇಡಬೇಕು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಪೊಲೀಸ್ ಕೇಸಾದೀತೆಂಬ ಭಯದಿಂದ ತಡಮಾಡಬಾರದು. ಅಂಥ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಆರೈಕೆ ಕೊಡಬೇಕು ಎನ್ನುತ್ತದೆ 2017ರ ಕಾಯ್ದೆ.

ಫೋನಿನಲ್ಲಿ ಬರೆದಿಟ್ಟುಕೊಳ್ಳಬೇಕಾದ ಸಂಖ್ಯೆಗಳು

• ಟೆಲಿ ಮಾನಸ್, ಮಾನಸಿಕ ಆರೋಗ್ಯ ಸಹಾಯವಾಣಿ: 14416 ಅಥವಾ 1800 891 4416
• ತುರ್ತು ಸಹಾಯ: 112
• ಆಂಬ್ಯುಲೆನ್ಸ್: 108
• ಹಿರಿಯ ನಾಗರಿಕರ ಸಹಾಯವಾಣಿ: 14567
• ಮಕ್ಕಳ ಸಹಾಯವಾಣಿ: 1098
• ಮಹಿಳಾ ಸಹಾಯವಾಣಿ: 181

ತೊಗರಿ ದರ ಮತ್ತೆ ಏರುತ್ತದೆ, ಮತ್ತೆ ಇಳಿಯುತ್ತದೆ. ಒಂದು ಹಂಗಾಮಿನ ನಷ್ಟವನ್ನು ಇನ್ನೊಂದು ಹಂಗಾಮು ತುಂಬಿಕೊಟ್ಟ ಲೆಕ್ಕಗಳು ಪ್ರತಿ ಅಂಗಡಿಯ ಹಳೆಯ ವಹಿಗಳಲ್ಲಿವೆ. ಆ ಹಂಗಾಮಿನವರೆಗೆ ಮನುಷ್ಯ ಉಳಿದಿರಬೇಕು, ಅಷ್ಟೇ. ಮನೆಯಲ್ಲಿ ಯಾರಾದರೂ ರಾತ್ರಿ ನಿದ್ದೆಗೆಟ್ಟು ಕೂತಿದ್ದರೆ ಇಂದು ಸಂಜೆಯ ಊಟವಾದ ಮೇಲೆ ಅವರ ಪಕ್ಕದಲ್ಲಿ ಹೋಗಿ ಕೂರುವುದು ಮೊದಲ ಕೆಲಸ.

ಜೈ ಜಿನೇಂದ್ರ.